ಯೋಚ್ನೆ ಮಾಡಿ ಹೇಳ್ತೆ

ಮೊನ್ನೆ ಹೊನ್ನಾವರದ ಮನೆಗೆ ಹೋದಾಗ ಅಂಗಳದ ತಂತಿಯ ಮೇಲೆ ಪಪ್ಪನ ಮದುವೆಯ ಕೋಟು ನೇತಾಡುತ್ತಿತ್ತು. ವರ್ಷಕ್ಕೊಮ್ಮೆ ಮಾಯಿ, ಅಂದರೆ ನನ್ನ ಅಮ್ಮ, ಅದನ್ನು ಬಿಸಿಲಿಗೆ ಹಾಕುತ್ತಾಳೆ. ಹೊಲಿಸಿದಾಗ ಅದರ ಬಣ್ಣ ಏನಿತ್ತೋ, ಈಗ ಒಂದು ಕಡೆಯಿಂದ ನೋಡಿದರೆ ಕಪ್ಪು, ಇನ್ನೊಂದು ಕಡೆಯಿಂದ ನೋಡಿದರೆ ಕೆಸುವಿನೆಲೆಯ ಹಸಿರು. ನುಸಿಗುಳಿಗೆಯ ವಾಸನೆ ಗೇಟಿನವರೆಗೂ ಬಂದು ನೆಂಟರನ್ನು ಎದುರುಗೊಳ್ಳುತ್ತದೆ. ಪಪ್ಪ ಈ ಕೋಟು ತೊಟ್ಟದ್ದು ಎರಡು ಸಲ. ಮೊದಲ ಸಲ ಮಾಯಿಯನ್ನು ಮದುವೆಯಾಗಲು. ಎರಡನೆಯ ಸಲವೂ ಮಾಯಿಯನ್ನೇ ಮದುವೆಯಾಗಲು. ಮೊದಲ ಸಲ ಮದುವೆಯಾಯಿತು, ಎರಡನೆಯ ಸಲ ಆಗಲಿಲ್ಲ.

ಹೀಗೆಂದರೆ ನಿಮಗೆ ಗಲಿಬಿಲಿಯಾಗುವುದು ಸಹಜ. ಅದನ್ನು ಬಿಡಿಸಿ ಹೇಳುವ ಮೊದಲು ನಮ್ಮ ಜನರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮಗೆ ಕ್ಯಾಥೋಲಿಕರಿಗೆ ಬದುಕನ್ನು ಹೊಸದಾಗಿ ಶುರು ಮಾಡುವ ಚಟ ಜಾಸ್ತಿ. ಹೊಸ ವರ್ಷಕ್ಕೆ ಒಮ್ಮೆ ಶುರು ಮಾಡುತ್ತೇವೆ. ಅದು ಕೆಟ್ಟರೆ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಮತ್ತೆ ಶುರು ಮಾಡುತ್ತೇವೆ. ನಡುನಡುವೆ ಪಾಪನಿವೇದನೆಗೆ ಹೋಗಿ ಸಣ್ಣಪುಟ್ಟ ರಿಪೇರಿ ಮಾಡಿಸಿಕೊಳ್ಳುತ್ತೇವೆ. ಈಸ್ಟರ್ ಹಿಂದಿನ ಸಂಜೆ ಮೋಂಬತ್ತಿ ಹಿಡಿದು ಇಗರ್ಜಿಯಲ್ಲಿ ನಿಂತಾಗ ಫಾದರ್ ಕೇಳುತ್ತಾರೆ, ಸೈತಾನನನ್ನು ತೊರೆಯುತ್ತೀರಾ ಎಂದು. ತೊರೆಯುತ್ತೇವೆ ಎಂದು ಕೂಗುತ್ತೇವೆ. ಅವನ ಆಡಂಬರವನ್ನೆಲ್ಲ ತೊರೆಯುತ್ತೀರಾ? ಹೊಸ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಅದನ್ನೂ ತೊರೆಯುತ್ತೇವೆ. ಆ ಭರದಲ್ಲಿ ಬಂಗಡೆ ಸಾರು ತೊರೆಯುತ್ತೀರಾ ಎಂದು ಕೇಳಿದ್ದರೂ ತೊರೆದುಬಿಡುತ್ತಿದ್ದೆವು. ಪ್ರಶ್ನೆ ಕೇಳಿಸಿಕೊಳ್ಳುವ ಅಭ್ಯಾಸ ನಮಗಿಲ್ಲ, ಉತ್ತರ ಬಾಯಿಪಾಠ.

ಪಪ್ಪನಂತೂ ಈ ವಿಷಯದಲ್ಲಿ ಎತ್ತಿದ ಕೈ. ಭಟ್ಕಳ–ಕುಮಟಾ ನಡುವೆ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಪ್ರತಿ ವರ್ಷ ಫೆನ್ನಿ ಕುಡಿಯುವುದನ್ನು ಬಿಡುತ್ತಿದ್ದರು. ಬೂದಿ ಬುಧವಾರ ಶುರುವಾದ ಹೊಸ ಜೀವನ ಈಸ್ಟರ್ ಮಧ್ಯಾಹ್ನದ ಊಟದ ಹೊತ್ತಿಗೆ ಹಳೆಯದಾಗಿರುತ್ತಿತ್ತು. ಶುಕ್ರವಾರ ಮಾಂಸ ಬಿಡಬೇಕೆಂಬ ನಿಯಮವನ್ನು ಅವರು ಎಂದೂ ತಪ್ಪಿಸಿದವರಲ್ಲ. ಅಂದು ನಮ್ಮ ಮನೆಯಲ್ಲಿ ಇಸ್ವಾಣ ಮೀನು ಹುರಿದು, ಸಿಗಡಿ ಸುಕ್ಕ ಮಾಡಿ, ಭಾರವಾದ ಹೊಟ್ಟೆಯಿಂದ ಪ್ರಾಯಶ್ಚಿತ್ತ ಮಾಡುತ್ತಿದ್ದೆವು. ನಾನೇನು ಕಡಿಮೆಯೆ? ಕುಮಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಒಂದು ತಪಸ್ಸುಕಾಲದಲ್ಲಿ ಚಾಡಿ ಬಿಡುತ್ತೇನೆಂದು ಸಂಕಲ್ಪ ಮಾಡಿ ಸ್ಟಾಫ್ ರೂಮಿನಲ್ಲಿ ತುಟಿ ಬಿಗಿದು ಕುಳಿತೆ. ನಾನು ಯಾಕೆ ಮಾತಾಡುತ್ತಿಲ್ಲ ಎಂಬುದರ ಬಗ್ಗೆಯೇ ಉಳಿದವರು ಚಾಡಿ ಹೇಳಿಕೊಳ್ಳತೊಡಗಿದರು. ಏನು ಹೇಳುತ್ತಿದ್ದಾರೆಂದು ತಿಳಿಯುವ ಸಲುವಾಗಿ ವ್ರತ ಮುರಿಯಬೇಕಾಯಿತು.

ಇಂಥ ನಮ್ಮ ಇಗರ್ಜಿಗೆ ಹೋದ ವರ್ಷ ಹೊಸ ಪಾದ್ರಿ ಬಂದರು. ಎಳೆಯ ವಯಸ್ಸು, ತೀರ ಒಳ್ಳೆಯವರು, ಉತ್ಸಾಹವನ್ನು ಎಲ್ಲಿಡಬೇಕೆಂದು ತಿಳಿಯದವರು. ಇದು ಕುಟುಂಬಗಳ ನವೀಕರಣದ ವರ್ಷ ಎಂದು ಘೋಷಿಸಿದರು. ಮದುವೆಯಾಗಿ ಬಹಳ ಕಾಲವಾದ ಜೋಡಿಗಳೆಲ್ಲ ತಪಸ್ಸುಕಾಲ ಶುರುವಾಗುವ ಮೊದಲಿನ ಭಾನುವಾರ ಪೀಠದ ಮುಂದೆ ನಿಂತು ಮದುವೆಯ ವಚನವನ್ನು ಇನ್ನೊಮ್ಮೆ ಕೊಡಬೇಕು. ಕೂಡಲೇ ಕಮಿಟಿಯಾಯಿತು. ನಿವೃತ್ತ ಹೆಡ್‌ಮಾಸ್ಟರ್ ಬೊನಿಫಾಸ್ ಮಾಸ್ತರು ಅದರ ಕಾರ್ಯದರ್ಶಿ. ಯಾವ ಕಮಿಟಿಯಾದರೂ ಅವರೇ ಕಾರ್ಯದರ್ಶಿ. ಮೂರು ಸಭೆಗಳಲ್ಲಿ ಸೀರೆಯ ಬಣ್ಣ ತೀರ್ಮಾನವಾಯಿತು, ಭಟ್ಕಳದ ಬೇಕರಿಗೆ ಕೇಕು ಹೇಳಿ ಆಯಿತು, ಬಿರಿಯಾನಿಯೋ ಪಲಾವೋ ಎಂಬ ಬಗ್ಗೆ ಎರಡು ಪಂಗಡಗಳು ಹುಟ್ಟಿ ಮತ್ತೆ ಒಂದಾದವು. ವಚನದ ವಿಷಯ ಯಾರೂ ಎತ್ತಲಿಲ್ಲ, ಅದು ಪುಸ್ತಕದಲ್ಲಿ ಇದ್ದೇ ಇದೆಯಲ್ಲ.

ಇಗರ್ಜಿಯ ಗೇಟಿಗೆ ಒಂದು ದೊಡ್ಡ ಫ್ಲೆಕ್ಸ್ ಬಂತು. ಜೋಡಿಗಳೆಲ್ಲ ಹಿಮದ ಬೆಟ್ಟದ ಮುಂದೆ ನಿಂತಿದ್ದರು, ಕಾಲಬುಡದಲ್ಲಿ ಹಂಸಗಳು. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಹಿಮ ನೋಡಿಯೇ ಬೆವರು ಆರುತ್ತಿತ್ತು. ಪಪ್ಪ ಮೀನು ತರಲು ಹೋಗುವ ದಾರಿಯನ್ನು ಬದಲಿಸಿ ದಿನವೂ ಆ ಗೇಟಿನ ಮುಂದೆ ಹಾಯತೊಡಗಿದರು. ಮಾಯಿ ಒಮ್ಮೆ ನೋಡಿ ಬಂದು, "ನನ್ನ ಮುಖ ಯಾರದ್ದೋ ಕುತ್ತಿಗೆಗೆ ಅಂಟಿಸಿದ್ದಾರೆ" ಎಂದಳು, ಅಷ್ಟೆ.

ಸಮಾರಂಭಕ್ಕೆ ಮೊದಲು ಮೂರು ಸಂಜೆ ಧ್ಯಾನಕೂಟವಿತ್ತು. ಹೊರಗಿನಿಂದ ಒಬ್ಬ ಪ್ರವಚನಕಾರರು ಬಂದಿದ್ದರು. ಗಂಡ ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದಾಗ ಪಪ್ಪನ ಕಣ್ಣು ಮುಚ್ಚಿಯೇ ಇತ್ತು. ಅವರು ನಿದ್ದೆ ಹೋಗಿದ್ದರು. ಕೊನೆಯ ಸಂಜೆ ಆ ಪ್ರವಚನಕಾರರು ಒಂದು ಮಾತು ಹೇಳಿದರಂತೆ. "ಹರೆಯದಲ್ಲಿ ನೀವು ಏನೂ ಗೊತ್ತಿಲ್ಲದೆ ಹೌದು ಅಂದಿರಿ. ಈ ಸಲ ಎಲ್ಲ ಗೊತ್ತಿದ್ದು ಉತ್ತರ ಕೊಡಿ. ಇದು ನಿಜವಾದ ಪ್ರಶ್ನೆ." ಅಷ್ಟು ಹೊತ್ತಿಗೆ ಚಹಾದ ಪಾತ್ರೆ ಒಳಗೆ ಬಂದಿದ್ದರಿಂದ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾಯಿಯ ಕಿವಿಗೆ ಬಿತ್ತು.

ಭಾನುವಾರ ನಾನೂ ಕುಮಟೆಯಿಂದ ಬಂದಿದ್ದೆ. ಪಪ್ಪ ಕೋಟು ತೊಟ್ಟಿದ್ದರು. ಗುಂಡಿ ಹಾಕಲು ಬರುತ್ತಿರಲಿಲ್ಲ, ತೆರೆದಿಟ್ಟುಕೊಳ್ಳುವುದೇ ಈಗಿನ ಫ್ಯಾಶನ್ ಎಂದು ನಾನು ಸುಳ್ಳು ಹೇಳಿದೆ. ಜೋಡಿಗಳು ಸಾಲಾಗಿ ನಿಂತವು. ಎಲ್ಲರನ್ನೂ ಒಟ್ಟಿಗೆ ಕೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಫಾದರ್ ಉತ್ಸಾಹಿಗಳಲ್ಲವೆ, ಒಬ್ಬೊಬ್ಬರ ಮುಂದೆಯೂ ಮೈಕ್ ಹಿಡಿದು, ಹೆಸರು ಹಿಡಿದು ಕೇಳುತ್ತ ಬಂದರು. ಪಪ್ಪನ ಸರದಿ ಬಂತು.

"ಸಾಲ್ವದೋರ್, ನಾತಾಲಿನಳನ್ನು ನಿನ್ನ ಹೆಂಡತಿಯಾಗಿ ಮತ್ತೊಮ್ಮೆ ಸ್ವೀಕರಿಸುತ್ತೀಯಾ?"

"ಹೌದು!" ಎಂದರು ಪಪ್ಪ. ಕಂಡಕ್ಟರ್ ರೈಟ್ ಹೇಳುವ ಮೊದಲೇ ಗಾಡಿ ಹೊರಡಿಸುವವರು ಅವರು.

"ನಾತಾಲಿನ್, ಸಾಲ್ವದೋರನನ್ನು ನಿನ್ನ ಗಂಡನಾಗಿ ಮತ್ತೊಮ್ಮೆ ಸ್ವೀಕರಿಸುತ್ತೀಯಾ?"

ಮಾಯಿ ಸುಮ್ಮನಿದ್ದಳು. ಮೈಕ್ ಕೆಟ್ಟಿರಬೇಕೆಂದು ಫಾದರ್ ಅದನ್ನು ಬೆರಳಿನಿಂದ ತಟ್ಟಿ ಮತ್ತೆ ಕೇಳಿದರು. ಮೈಕ್ ಸರಿಯಾಗಿಯೇ ಇತ್ತು. ಯಾಕೆಂದರೆ ಮಾಯಿ ಹೇಳಿದ್ದು ಹೊರಗೆ ರಿಕ್ಷಾ ನಿಲ್ಲಿಸಿದವರಿಗೂ ಕೇಳಿಸಿತು.

"ಫಾದರ್, ನಾನು ಸ್ವಲ್ಪ ಯೋಚ್ನೆ ಮಾಡಿ ಹೇಳ್ತೆ. ನೀವು ಮುಂದಿನವರನ್ನ ಕೇಳಿ."

ಕಾಯಿರ್‌ನವರು ಗಾಬರಿಯಾಗಿ ಕೊನೆಗೆ ಹಾಡಬೇಕಾದ ಹಾಡನ್ನು ಆಗಲೇ ಎತ್ತಿಕೊಂಡರು. ಫಾದರ್ ಮುಂದಿನವರನ್ನು ಕೇಳಿದರು. ಮುಂದಿನ ಹೆಂಗಸು ಬೊನಿಫಾಸ್ ಮಾಸ್ತರ ಹೆಂಡತಿ. ಆಕೆಯೂ ಒಂದು ಕ್ಷಣ ಮೇಲೆ ನೋಡಿ ಯೋಚಿಸಿದಂತೆ ಮಾಡಿದರು. ಮಾಸ್ತರ ಹಣೆಯ ಮೇಲೆ ಬೆವರು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಆಕೆ ಹೌದು ಎಂದರು, ಆದರೆ ಮಾಸ್ತರು ಆವತ್ತಿನಿಂದ ಮೊದಲಿನ ಹಾಗಿಲ್ಲ.

ಊಟದ ಹೊತ್ತಿಗೆ ಎರಡೇ ಮಾತು. ಕೇಕು ಚೆನ್ನಾಗಿದೆ, ನಾತಾಲಿನ್‌ಬಾಯಿಗೆ ತಲೆ ಕೆಟ್ಟಿದೆ. ಮಾಯಿ ಕೇಕನ್ನು ಎರಡು ಸಲ ಕೇಳಿ ಹಾಕಿಸಿಕೊಂಡಳು. ಪಪ್ಪನ ತಟ್ಟೆಯಲ್ಲಿ ಬಿರಿಯಾನಿ ಆರಿಹೋಯಿತು. ಮಾಸ್ತರು ಫಾದರನ್ನು ಬದಿಗೆ ಕರೆದು, ಮೊದಲಿನ ಮದುವೆ ಈಗ ಸಿಂಧುವೋ ಅಸಿಂಧುವೋ ಎಂದು ಕೇಳಿದರು. ಅದಕ್ಕೇನೂ ಆಗಿಲ್ಲ, ಸಂಸ್ಕಾರ ಒಮ್ಮೆಗೇ, ಇದು ನವೀಕರಣ ಮಾತ್ರ ಎಂದು ಫಾದರ್ ಸಮಾಧಾನ ಹೇಳಿದರು. ಅದು ಪಪ್ಪನ ಕಿವಿಗೂ ಬಿತ್ತು. ಜೀವಮಾನವಿಡೀ ಲೈಸೆನ್ಸ್ ಹಿಡಿದು ಬದುಕಿದವರು, "ರಿನೀವಲ್ ಆಗದೆ ಗಾಡಿ ರಸ್ತೆಗೆ ಇಳ್ಸೂಕೆ ಆಗೂದಿಲ್ಲ ಫಾದರ್" ಎಂದು ಗೋಡೆಗೆ ಒರಗಿ ಕುಳಿತರು.

ಮನೆಗೆ ಬಂದು ನೋಡಿದರೆ ಬೇಲಿಯ ಆಚೆ ನಾಗವೇಣಿ ಅಕ್ಕ ಕಾಯುತ್ತಿದ್ದರು. ಪಕ್ಕದ ಮನೆಯವರು, ಮಾಯಿಗೆ ಹಳೆಯ ಗೆಳತಿ. ಸುದ್ದಿ ನಮಗಿಂತ ಮೊದಲೇ ತಲುಪಿತ್ತು.

"ಎಂತ ನಾತಾಲಿನ್‌ಬಾಯಿ, ನೀವು ಬೇಡ ಅಂದ್ರಂತೆ?"

"ಬೇಡ ಅನ್ಲಿಲ್ಲ ಮಾರಾಯ್ತಿ. ಯೋಚ್ನೆ ಮಾಡ್ತೆ ಅಂದೆ."

"ಅಡ್ಡಿಲ್ಲ, ನಿಮ್ಮಲ್ಲಿ ಎರಡು ಸಲ ಕೇಳ್ತಾರಲ್ಲ! ನಮ್ಮಲ್ಲಿ ಒಂದು ಸಲವೂ ಯಾರೂ ಕೇಳ್ಲಿಲ್ಲ" ಎಂದು ನಾಗವೇಣಿ ಅಕ್ಕ ನಿಜವಾದ ಹೊಟ್ಟೆಕಿಚ್ಚಿನಿಂದ ಹೇಳಿದರು.

ನಮ್ಮ ಮನೆಯ ಮಾತು ಕೊಂಕಣಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಆ ಸಂಜೆ ಅಡಿಗೆಮನೆಯಲ್ಲಿ ಮಾಯಿ ಹೇಳಿದ್ದು ಯಾವ ಭಾಷೆಯಲ್ಲಾದರೂ ಒಂದೇ. ನಾನು ಮಗಳೆಂಬುದನ್ನು ಮರೆತು ಟೀಚರಾಗಿ ಕೇಳಿದೆ. ಪಪ್ಪ ಹೊಡೆದರೇ? ಬೈದರೇ? ಯಾವುದಾದರೂ ಹಳೆಯ ಸಿಟ್ಟೇ?

"ಎಂತದೂ ಇಲ್ಲ" ಎಂದಳು ಮಾಯಿ ಬೆಳ್ಳುಳ್ಳಿ ಸುಲಿಯುತ್ತ. "ಅವರು ಒಳ್ಳೆಯವರು. ಫಾದರ್ ಕೇಳಿದ್ರು, ನನಗೆ ಉತ್ತರ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಹೇಗೆ ಹೇಳೂದು?"

"ಮೊದಲ್ನೇ ಸಲ ಹೇಳಿದ್ದೆಯಲ್ಲ?"

"ಆವತ್ತು ನನ್ನ ಅಪ್ಪ ಹಿಂದಿನಿಂದ ಕೆಮ್ಮಿದ. ಅದಕ್ಕೆ ಹೌದು ಅಂದೆ." ಸ್ವಲ್ಪ ಹೊತ್ತು ಬೆಳ್ಳುಳ್ಳಿಯ ಸಿಪ್ಪೆಯನ್ನು ಒಂದು ಕಡೆ ಒಟ್ಟಿದಳು. "ಫಿಲು, ನಿನ್ನ ಪಪ್ಪ ನನ್ನನ್ನ ಒಂದು ಪ್ರಶ್ನೆ ಕೇಳಿದ್ದು ನಿನಗೆ ನೆನಪದೆಯಾ? ಊಟಕ್ಕೆ ಎಂತದು ಅಂತ ಕೇಳ್ತಾರೆ. ನಿನ್ನ ಊಟ ಆತಾ ಅಂತ ಕೇಳ್ಲಿಲ್ಲ. ಅಂಗಿ ಎಲ್ಲದೆ ಅಂತ ಕೇಳ್ತಾರೆ. ಅಷ್ಟು ಜನರ ಮುಂದೆ ಮೈಕ್ ಹಿಡಿದು, ನನ್ನ ಹೆಸರು ಹೇಳಿ, ನಿನಗೆ ಬೇಕಾ ಅಂತ ಒಬ್ಬರು ಕೇಳಿದ್ರು ನೋಡು, ನನಗೆ ಖುಷಿ ಆತು. ಲಗೂನೆ ಉತ್ತರ ಕೊಟ್ಟು ಮುಗಿಸೂಕೆ ಮನಸ್ಸು ಬರ್ಲಿಲ್ಲ."

ನಾನು ನೆನಪು ಕೆದಕಿದೆ. ಇಡೀ ಬಾಲ್ಯದಲ್ಲಿ ಪಪ್ಪ ಮಾಯಿಯನ್ನು ಅವಳ ಬಗ್ಗೆ ಕೇಳಿದ ಒಂದು ಪ್ರಶ್ನೆಯೂ ಸಿಗಲಿಲ್ಲ. ವ್ಯಾಕರಣ ಕಲಿಸುವವಳಾಗಿ ಇನ್ನೂ ಒಂದು ಕಂಡೆ. ಈ ಬರಹದಲ್ಲೂ ಪಪ್ಪನಿಗೆ ಬಹುವಚನ, ಮಾಯಿಗೆ ಏಕವಚನ. ನಾನು ಅದನ್ನು ಯಾರ ಹತ್ತಿರವೂ ಕೇಳಿ ಮಾಡಿದ್ದಲ್ಲ.

ಬೂದಿ ಬುಧವಾರ ಬಂತು. ಪಪ್ಪ ಫಾದರ್ ಹತ್ತಿರ ಸಲಹೆ ಕೇಳಲು ಹೋದರು. ಮದುವೆಯಾಗದ ಆ ಎಳೆಯ ಪಾದ್ರಿ ದಾಂಪತ್ಯದ ಬಗ್ಗೆ ಒಂದು ಕಿರುಹೊತ್ತಿಗೆ ಕೊಟ್ಟು ಕಳಿಸಿದರು. ಪಪ್ಪ ಪಟ್ಟುಹಿಡಿದು ನವೀಕರಣಗೊಳ್ಳತೊಡಗಿದರು. ಫೆನ್ನಿ ಬಿಟ್ಟದ್ದು ಸಾಲದೆಂದು ಚಹಾದ ಸಕ್ಕರೆ ಬಿಟ್ಟರು, ಆಮೇಲೆ ಚಹಾವನ್ನೇ ಬಿಟ್ಟರು. ಬೆಳಗಿನ ಪೂಜೆಗೆ ಹೋದರು. ರಾತ್ರಿಯ ಜಪಸರವನ್ನು ಭಟ್ಕಳಕ್ಕೆ ಕೇಳುವ ಹಾಗೆ ಹೇಳಿದರು. ಪಾತ್ರೆ ತೊಳೆಯುತ್ತೇನೆಂದು ಹೋಗಿ ಮಾಯಿಯ ತವರಿನ ಪಿಂಗಾಣಿ ಬಟ್ಟಲು ಒಡೆದು, ಅದರ ಚೂರುಗಳ ಮುಂದೆ ಪಶ್ಚಾತ್ತಾಪ ಪಟ್ಟರು. ಊರಿನವರು ಮೆಚ್ಚಿದರು. ಇಂಥ ಗಂಡನಿಗೆ ಹೀಗೆ ಮಾಡಿದಳಲ್ಲ ಎಂದು ಮಾಯಿಯನ್ನು ಇನ್ನಷ್ಟು ಕೆಂಗಣ್ಣಿನಿಂದ ನೋಡಿದರು.

"ಇದೆಲ್ಲ ಅವರು ದೇವರಿಗೆ ಮಾಡ್ತಾ ಇದ್ದಾರೆ" ಎಂದಳು ಮಾಯಿ ಫೋನಿನಲ್ಲಿ. "ಮಾಡ್ಲಿ. ದೇವರಿಗೆ ಖುಷಿ ಆಗ್ಬಹುದು."

ಮಾಯಿ ಹೇಳಿದ ಪ್ರಶ್ನೆಯ ವಿಷಯವನ್ನು ನಾನು ಪಪ್ಪನಿಗೆ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಅಂದಿನಿಂದ ಅವರು ಕೇಳತೊಡಗಿದರು, ಆದರೆ ಚೆಕಿಂಗ್ ಇನ್ಸ್‌ಪೆಕ್ಟರರ ಹಾಗೆ. "ಎಲ್ಲಿಗೆ?" "ಎಷ್ಟೊತ್ತಿಗೆ?" "ಇದು ಎಂತಕ್ಕೆ?" ಮಾಯಿ ಟಿಕೇಟಿಲ್ಲದ ಪ್ರಯಾಣಿಕಳ ಹಾಗೆ ಉತ್ತರ ಕೊಟ್ಟು ಕೊಟ್ಟು ದಣಿದಳು. ಒಂದು ದಿನ ಕಿರುಹೊತ್ತಿಗೆಯಲ್ಲಿ ಓದಿಕೊಂಡು ಬಂದು, "ನಿನ್ನ ಮನದಾಳದ ಬಯಕೆ ಎಂತದು?" ಎಂದು ಕೇಳಿದರಂತೆ. ಮಾಯಿ ಒಲೆಯ ಮೇಲಿನ ಹಾಲು ಉಕ್ಕುತ್ತಿದೆ, ಅದನ್ನು ಇಳಿಸಿ ಎಂದಳು.

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ನಾನು ಮತ್ತೆ ಮನೆಗೆ ಹೋಗಿದ್ದೆ. ಪೂಜೆ ಮುಗಿಸಿ ಬಂದು ಮೂವರೂ ಜಗಲಿಯಲ್ಲಿ ಕುಳಿತಿದ್ದೆವು. ಹೆದ್ದಾರಿಯ ಕಡೆಯಿಂದ ಬಸ್ಸೊಂದು ಗೇರು ಬದಲಿಸಿದ ಸದ್ದು ಬಂತು. ಪಪ್ಪ ಆ ಸದ್ದಿಗೆ ಕಿವಿ ಕೊಟ್ಟು, ಹೊತ್ತಿಗೆಯಿಲ್ಲದೆ, ತಮ್ಮಷ್ಟಕ್ಕೇ ಎಂಬಂತೆ ಕೇಳಿದರು.

"ನಾತಾಲಿನ್, ನೀನು ಒಂದಿವ್ಸವೂ ನನ್ನ ಬಸ್ಸಿಗೆ ಬರ್ಲಿಲ್ಲ ಅಲ್ದಾ? ಎಂತಕ್ಕೆ?"

ಮಾಯಿ ಅವರ ಮುಖ ನೋಡಿದಳು. "ನನಗೆ ಬಸ್ಸಲ್ಲಿ ವಾಂತಿ ಬರ್ತದೆ."

ಪಪ್ಪ ನಕ್ಕರು. ತಮಾಷೆ ಎಂದುಕೊಂಡರು. ನಾನು ನಗಲಿಲ್ಲ. ನಮಗೆ ಮಕ್ಕಳಿಗೆಲ್ಲ ಅದು ಗೊತ್ತಿತ್ತು. ಮಂಕಿ ಎಂಬ ಊರಿನ ತವರುಮನೆಗೆ ಹೋಗುವಾಗ ಮಾಯಿ ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು, ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಇಳಿದ ಮೇಲೆ ರಸ್ತೆಬದಿಯ ಕಟ್ಟೆಯಲ್ಲಿ ಕುಳಿತು ಸುಧಾರಿಸಿಕೊಂಡು ಮುಂದೆ ನಡೆಯುತ್ತಿದ್ದಳು. ಪಪ್ಪನ ಬಸ್ಸು ಅದೇ ಮಂಕಿಯ ಮೇಲೆ ದಿನಕ್ಕೆ ಎಷ್ಟೋ ಸಲ ಹಾಯುತ್ತಿತ್ತು.

"ಮಂಕಿಗೆ ಹೋಗ್ತಿದ್ದೆಯಲ್ಲ?" ಎಂದರು ಪಪ್ಪ. ನಗು ಅರ್ಧಕ್ಕೆ ನಿಂತಿತ್ತು.

"ನಿಮ್ಮ ಬಸ್ಸು ಬಿಟ್ಟು ಅದರ ಹಿಂದಿನ ಬಸ್ಸಿಗೆ ಹೋಗ್ತಿದ್ದೆ. ನಿಮ್ಮ ಬಸ್ಸಲ್ಲಿ ವಾಂತಿ ಮಾಡಿದ್ರೆ, ಡ್ರೈವರನ ಹೆಂಡತಿಗೆ ಬಸ್ಸು ಆಗೂದಿಲ್ಲ ಅಂತ ಡಿಪೋದಲ್ಲಿ ನಗಾಡ್ತಿದ್ರು. ನಿಮ್ಮ ಮರ್ಯಾದೆ ಹೋಗ್ತಿತ್ತು."

ಪಪ್ಪ ಹೆದ್ದಾರಿಯ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಡ್ರೈವರ್ ಆದವ ಹಿಂದೆ ತಿರುಗಿ ನೋಡೂಕೆ ಆಗೂದಿಲ್ಲ" ಎಂದರು.

"ಮನೇಲಿ ಸ್ಟೇರಿಂಗ್ ಇರ್ಲಿಲ್ಲಲ್ಲ" ಎಂದಳು ಮಾಯಿ.

ಸಿಟ್ಟಿನಿಂದ ಹೇಳಿದ್ದಲ್ಲ. ಬೇಲಿಯ ಆಚೆ ನಾಗವೇಣಿ ಅಕ್ಕ ಬಟ್ಟೆ ಒಣಹಾಕುವ ನೆವದಲ್ಲಿ ಒಂದೇ ಟವೆಲನ್ನು ಮತ್ತೆ ಮತ್ತೆ ಜಾಡಿಸುತ್ತಿದ್ದರು. ಪಪ್ಪ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದರು. ತಮಗೆಂದು ತಂದಿದ್ದರೇನೋ. ಬಾಗಿಲಲ್ಲಿ ನಿಂತು, "ನಿನಗೆ ಬೇಕಾ?" ಎಂದು ಕೇಳಿದರು. ಮಾಯಿ ಬೇಕೆಂದಳು. ಅವಳು ಕುಡಿದು ಮುಗಿಸುವ ತನಕ ಅವರು ಅಲ್ಲೇ ನಿಂತಿದ್ದರು.

ಈಸ್ಟರ್ ಮರುದಿನ ಪಪ್ಪ ಮಾಯಿಯನ್ನು ಮಂಕಿಗೆ ಕರೆದುಕೊಂಡು ಹೋದರು, ರೈಲಿನಲ್ಲಿ. ಇದು ಎಂಥ ತ್ಯಾಗವೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಬಸ್ಸಿನ ಸಂಪಾದನೆ ತಿಂದದ್ದು ಈ ರೈಲು ಎಂದು ಪಪ್ಪ ಅದನ್ನು ಹತ್ತಿದವರೇ ಅಲ್ಲ. ಸೈತಾನನನ್ನು ತೊರೆದಷ್ಟು ಸಲೀಸಾಗಿ ಆ ದ್ವೇಷವನ್ನು ತೊರೆಯಲು ಅವರಿಗೆ ಸಾಧ್ಯವಿರಲಿಲ್ಲ. ಸ್ಟೇಷನ್ನಿನಲ್ಲಿ ಪರಿಚಯದವರು ಸಿಕ್ಕಿದಾಗ, ಯಾರನ್ನೋ ಬಿಡಲು ಬಂದೆ ಎಂದು ಹೇಳಿ ಬೋಗಿ ಹತ್ತಿದರಂತೆ. ಸಂಜೆ ನಾನು ಫೋನ್ ಮಾಡಿದೆ.

"ಹೇಗಾತು ಪಪ್ಪ?"

"ಅಡ್ಡಿಲ್ಲ. ಕುಲುಕಾಟ ಇಲ್ಲ, ಅವಳು ಕಿಟಕಿ ಹತ್ರ ಕೂತಿದ್ಲು." ತಡೆದು, "ಕೇಳಿದೆ" ಎಂದರು.

"ಎಂತದು?"

"ಫಾದರ್ ಕೇಳಿದ್ದೇ. ನಾನೇ ಕೇಳಿದೆ."

"ಮಾಯಿ ಎಂತ ಹೇಳಿದ್ಲು?"

"ಅದು ನಿನಗೆಂತಕ್ಕೆ?" ಎಂದು ಫೋನ್ ಇಟ್ಟರು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಮಾಯಿಯನ್ನು ಮೆಟ್ಟಿಲ ಬಳಿ ಮೆಲ್ಲಗೆ ವಿಚಾರಿಸಿದರು. "ಯೋಚನೆ ಆಯ್ತಾ ಬಾಯಿ? ಒಂದು ಸಣ್ಣ ಕಾರ್ಯಕ್ರಮ ಇಟ್ಕೊಳ್ಳುವನಾ? ಕಮಿಟಿಯವರೂ ಕೇಳ್ತಾ ಇದ್ದಾರೆ."

"ಯೋಚ್ನೆ ಆತು ಫಾದರ್. ಕೇಳ್ಬೇಕಾದವರು ಕೇಳಿದ್ರು, ಹೇಳಿ ಆತು. ಇನ್ನು ನಿಮ್ಗೆ ಹೇಳೂಕೆ ಎಂತದೂ ಇಲ್ಲ."

ಫಾದರ್ ಪಪ್ಪನ ಕಡೆ ನೋಡಿದರು. ಪಪ್ಪನ ಮುಖ ಕೆಂಪಾಗಿತ್ತು, ಅವರು ಚಪ್ಪಲಿ ಹುಡುಕುತ್ತಿದ್ದರು. ಮೇಲುಸ್ತುವಾರಿಯಿಲ್ಲದೆ ಹೀಗೆ ಯಾರೋ ಇಬ್ಬರು ತಮ್ಮಷ್ಟಕ್ಕೆ ರೈಲಿನಲ್ಲಿ ನವೀಕರಣ ಮಾಡಿಕೊಂಡದ್ದು ಕಮಿಟಿಗೆ ಸರಿಬರಲಿಲ್ಲ ಎಂದು ಕೇಳಿದೆ.

ಈ ವರ್ಷವೂ ವಚನ ನವೀಕರಣವಿದೆ. ಹೋದ ಸಲದ ಅನುಭವದಿಂದ ಕಮಿಟಿ ಪಾಠ ಕಲಿತಿದೆ. ಒಬ್ಬೊಬ್ಬರನ್ನೇ ಕೇಳುವುದಿಲ್ಲ, ಎಲ್ಲರೂ ಒಟ್ಟಿಗೆ ಉತ್ತರಿಸಬೇಕು, ಮೈಕು ಗಂಡಸರ ಬದಿಗೆ. ಆದರೂ ಒಂದು ವಿಚಿತ್ರ ನಡೆದಿದೆ. ಹೆಂಗಸರೆಲ್ಲ ಮುಗಿಬಿದ್ದು ಹೆಸರು ಕೊಟ್ಟಿದ್ದಾರೆ, ಗಂಡಸರಿಗೆ ಒಮ್ಮೆಲೇ ಸೊಂಟನೋವು ಶುರುವಾಗಿದೆ. ಗಂಡಸರ ಧೈರ್ಯಕ್ಕಾಗಿ ಪಪ್ಪನಿಂದ ಎರಡು ಮಾತು ಆಡಿಸುವುದೆಂದು ಕಮಿಟಿ ನಿಶ್ಚಯಿಸಿತು. ಆದರ್ಶ ದಂಪತಿ ಎಂಬ ಬಿರುದನ್ನೂ ಫ್ಲೆಕ್ಸಿಗೆ ಹಾಕಿಸುವುದಿತ್ತು.

ಬೊನಿಫಾಸ್ ಮಾಸ್ತರು ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಜಗಲಿಯಲ್ಲಿ ಕುಳಿತು ವಿಷಯ ಹೇಳಿದರು. ಫ್ಲೆಕ್ಸ್ ಎಂದೊಡನೆ ಪಪ್ಪನ ಕಣ್ಣು ಅರಳಿತು. ಹೌದು ಎಂದೇ ಬಿಟ್ಟರು ಎಂದು ನಾನು ಅಂದುಕೊಂಡೆ. ಬಾಯಿ ತೆರೆದವರು ಮುಚ್ಚಿಕೊಂಡರು.

"ಒಂದು ನಿಮಿಷ ಮಾಸ್ತರೆ. ಅವಳನ್ನ ಕೇಳಿ ಹೇಳ್ತೆ."

ಒಳಗೆ ಹೋದವರು ಬೇಗ ಬರಲಿಲ್ಲ. ಮಾಸ್ತರ ಚಹಾ ಆರಿತು. ಅಡಿಗೆಮನೆಯಿಂದ ಮಾತು ಕೇಳಿಸುತ್ತಿರಲಿಲ್ಲ, ಮೀನು ಹುರಿಯುವ ಸದ್ದಿನ ನಡುವೆ ಮಾಯಿ ಎರಡು ಸಲ ನಕ್ಕದ್ದು ಮಾತ್ರ ಕೇಳಿಸಿತು. ಮಾಸ್ತರು ಗಡಿಯಾರ ನೋಡಿಕೊಂಡರು, ಗಂಟಲು ಸರಿಮಾಡಿಕೊಂಡರು. ಕೊನೆಗೆ ಪಪ್ಪ ಬಾಗಿಲಿಗೆ ಬಂದರು. ಕೈಯಲ್ಲಿ ಹುರಿದ ಬಂಗಡೆಯ ಒಂದು ತುಂಡು, ಬಾಯಲ್ಲಿ ಇನ್ನೊಂದು.

"ಬೇಡವಂತೆ" ಎಂದರು.

ಅಷ್ಟು ಹೆಮ್ಮೆಯಿಂದ ಅವರು ಯಾವುದನ್ನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.